ನಾಯಿಗಳ ಜೊತೆ ವಿರಾಜಪೇಟೆಯಿಂದ ಭಾಗಮಂಡಲಕ್ಕೆ

ಕೊಡಗಿನ ಕಾಫಿ ತೋಟಗಳಲ್ಲಿ ಕೆಲಸದವರು ಇರುವ ಸಾಲು ಮನೆಗಳ, ಅಂದರೆ ಲೈನ್ ಮನೆಗಳ ನಾಯಿಗಳಿಗೆ ರೇಬಿಸ್ ಲಸಿಕೆ ಹಾಕಿಸಲು ದುಡ್ಡು ಬೇಕಿತ್ತು. ಅದಕ್ಕಾಗಿ ನಾವು ಕೆಲವು ಗೆಳೆಯರು ನಮ್ಮ ನಾಯಿಗಳನ್ನು ಕರೆದುಕೊಂಡು ವಿರಾಜಪೇಟೆಯಿಂದ ಹೊರಟು ಬೇತ್ರಿ, ಮೂರ್ನಾಡು, ನಾಪೋಕ್ಲು ದಾಟಿ ಭಾಗಮಂಡಲದವರೆಗೆ ನಡೆದೆವು. ಇಂಥದ್ದೇ ನಡಿಗೆ ಮಾಡಬೇಕು ಅಂತಿರುವವರು ಆಗಾಗ ಫೋನ್ ಮಾಡಿ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಲೈನ್ ಮನೆ ನಾಯಿಗಳೇ ಯಾಕೆ? ಸಾಹುಕಾರರ ಮನೆ ನಾಯಿಗೆ ವರ್ಷವರ್ಷ ಸೂಜಿ ಬೀಳುತ್ತದೆ, ಕಾರ್ಡೂ ಇರುತ್ತದೆ. ಲೈನಿನ ನಾಯಿಯ ಕಥೆ ಬೇರೆ. ಕೊಯ್ಲಿಗೆ ಬಂದ ಕುಟುಂಬ ಒಂದು ಮರಿ ಸಾಕುತ್ತದೆ. ಕೆಲಸ ಮುಗಿದ ಮೇಲೆ ಅವರು ಬೇರೆ ತೋಟಕ್ಕೋ ಊರಿಗೋ ಹೋಗುತ್ತಾರೆ, ನಾಯಿ ಅಲ್ಲೇ ಉಳಿಯುತ್ತದೆ. ಮುಂದೆ ಬಂದವರು ಅದಕ್ಕೆ ಅನ್ನ ಹಾಕುತ್ತಾರೆ. ಅನ್ನ ಹಾಕುವವರು ಇದ್ದೇ ಇರುತ್ತಾರೆ, ಲಸಿಕೆ ನೆನಪಿಡುವವರು ಯಾರೂ ಇರುವುದಿಲ್ಲ. ಅದೇ ನಾಯಿಯ ಕುತ್ತಿಗೆ ತಬ್ಬಿಕೊಂಡು ಮಕ್ಕಳು ಆಡುತ್ತಿರುತ್ತವೆ. ಮನುಷ್ಯರಿಗೆ ಬರುವ ರೇಬಿಸ್‌ನಲ್ಲಿ ನೂರಕ್ಕೆ 99 ಪಾಲು ನಾಯಿಯಿಂದಲೇ ಬರುವುದು. ರೋಗದ ಲಕ್ಷಣ ಕಾಣಿಸಿಕೊಂಡರೆ ಆಮೇಲೆ ಉಳಿಯುವುದು ಇಲ್ಲ ಅನ್ನುವಷ್ಟು ಕಡಿಮೆ. ಒಂದು ಕಡೆ ಇರುವ ನಾಯಿಗಳಲ್ಲಿ ನೂರಕ್ಕೆ 70ಕ್ಕಾದರೂ ಲಸಿಕೆ ಬಿದ್ದಿದ್ದರೆ ರೋಗ ಹರಡುವುದು ನಿಲ್ಲುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾಗಾಗಿ ಅಲ್ಲೊಂದು ಇಲ್ಲೊಂದು ನಾಯಿಗೆ ಹಾಕಿಸಿದರೆ ಸಾಲದು, ಲೈನಿಗೆ ಲೈನೇ ಮುಗಿಸಬೇಕು.

ನಾವು ಹಟ ಹಿಡಿದದ್ದು ಒಂದೇ ವಿಷಯಕ್ಕೆ. ನಡೆಯುವುದು ಒಂದು ಕಡೆ, ದುಡ್ಡು ಖರ್ಚಾಗುವುದು ಇನ್ನೆಲ್ಲೋ, ಹಾಗಾಗಬಾರದು. ಗೆಳೆಯರು, ನೆಂಟರು ಕಿಲೋಮೀಟರಿಗೆ ಇಷ್ಟು ಅಂತ ಮೊದಲೇ ಒಪ್ಪಿಕೊಂಡಿದ್ದರು. ಆ ದುಡ್ಡಿನಲ್ಲಿ ಲಸಿಕೆ ತಂದು, ನಮ್ಮ ಹಿಂದೆ ಬರುವ ಜೀಪಿನಲ್ಲೇ ಐಸ್ ಬಾಕ್ಸಲ್ಲಿ ಇಟ್ಟುಕೊಂಡೆವು. ಲಸಿಕೆ 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕು. ಒಳಗೊಂದು ಥರ್ಮಾಮೀಟರ್ ಇಟ್ಟು, ರಾತ್ರಿ ಉಳಿದ ಮನೆಯಲ್ಲಿ ಐಸ್ ಬದಲಾಯಿಸುತ್ತಿದ್ದೆವು. ಬಿಲ್ಲುಗಳ ಫೋಟೊ ದುಡ್ಡು ಕೊಟ್ಟವರಿಗೆ ಅವತ್ತವತ್ತೇ ಹೋಗುತ್ತಿತ್ತು. ಸೂಜಿ ಹಾಕಿದ್ದು ಪಶುವೈದ್ಯರೇ. ಅದನ್ನು ನಾವು ಮುಟ್ಟಲಿಲ್ಲ.

ಹೊರಟದ್ದು ಜನವರಿಯಲ್ಲಿ. ಮಳೆಗಾಲದಲ್ಲಿ ಜಿಗಣೆ ಬಿಡುವುದಿಲ್ಲ. ಪುತ್ತರಿ ಹಬ್ಬದ ಹೊತ್ತಿಗೆ ಪಟಾಕಿ ಸದ್ದಿಗೆ ನಾಯಿಗಳು ಬೆದರುತ್ತವೆ. ಮಾರ್ಚ್ ಬಂದರೆ ಬಿಸಿಲು ಜಾಸ್ತಿ. ಜನವರಿಯಲ್ಲಿ ರೋಬಸ್ಟಾ ಕಾಫಿ ಕೊಯ್ಲು ನಡೆಯುವುದರಿಂದ ಲೈನ್ ತುಂಬ ಜನ ಇರುತ್ತಾರೆ, ಅವರ ಜೊತೆ ನಾಯಿಗಳೂ ಸಿಗುತ್ತವೆ. ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆ ಹೋಗಬೇಕು ಅಂತ ಕೆಲವರು ಹೇಳಿದರು. ಅಲ್ಲಿ ಆನೆ ಕಾಟ. ಆನೆ ಕಂಡರೆ ನಾಯಿ ಬೊಗಳುತ್ತಾ ಮುಂದೆ ನುಗ್ಗುತ್ತದೆ, ಆನೆ ತಿರುಗಿ ಬಿದ್ದರೆ ನೇರ ನಮ್ಮ ಕಾಲ ಬುಡಕ್ಕೇ ಓಡಿ ಬರುತ್ತದೆ. ಅದರ ಹಿಂದೆ ಆನೆಯೂ ಬರುತ್ತದೆ. ಈ ವಿಷಯದಲ್ಲಿ ಧೈರ್ಯ ತೋರಿಸುವುದು ಬೇಡ.

ನಾಯಿ ಜೊತೆ ನಡೆಯುವಾಗ ಲೆಕ್ಕ ಹಾಕಬೇಕಾದದ್ದು ನಮ್ಮ ಕಾಲಿನ ಶಕ್ತಿಯನ್ನಲ್ಲ, ನಾಯಿಯ ಮೈಯ ಬಿಸಿಯನ್ನು. ನಮ್ಮ ಹಾಗೆ ಅದಕ್ಕೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಹೊರಗೆ ಹಾಕಿ ಏದುಸಿರು ಬಿಟ್ಟೇ ತಂಪಾಗಬೇಕು. ಮಂಜು ಇರುವಾಗಲೇ ಹೊರಟು, ಹತ್ತೂವರೆ ಹನ್ನೊಂದಕ್ಕೆಲ್ಲ ನೆರಳು ಹಿಡಿಯುತ್ತಿದ್ದೆವು. ಮತ್ತೆ ಹೊರಡುತ್ತಿದ್ದುದು ಸಂಜೆ ನಾಲ್ಕರ ಮೇಲೆ. ಟಾರಿನ ಮೇಲೆ ಅಂಗೈಯ ಹಿಂಭಾಗ ಇಟ್ಟು ನೋಡಿ. ಐದಾರು ಸೆಕೆಂಡ್ ಇಡಲು ಆಗದಿದ್ದರೆ ಆ ರಸ್ತೆ ನಾಯಿಗಲ್ಲ. ನಮ್ಮ ಎರಡು ನಾಡು ನಾಯಿಗಳು, ಕರಿಯ ಮತ್ತು ಪುಟ್ಟಿ, ಆರಾಮಾಗಿ ನಡೆದವು. ಗೆಳತಿಯ ಲ್ಯಾಬ್ರಡಾರ್‌ನನ್ನು ಮಾತ್ರ ಮೂರ್ನಾಡು ಏರಿನಲ್ಲೇ ಜೀಪಿಗೆ ಹತ್ತಿಸಿದೆವು. ದಪ್ಪ ತುಪ್ಪಳದ ನಾಯಿಗೆ ಅರ್ಧ ದಾರಿ ನಡಿಗೆ, ಅರ್ಧ ದಾರಿ ಜೀಪು ಅಂತ ಮೊದಲೇ ಮಾತಾಗಿತ್ತು.

ತೋಟದ ನಡುವೆ ಹೋಗುವಾಗ ಹಗ್ಗ ಬಿಚ್ಚಲೇಬೇಡಿ. ಕಾಡುಹಂದಿಗೆ ಅಂತ ಬೇಲಿಯ ಸಂದಿಯಲ್ಲಿ ತಂತಿ ಉರುಳು ಇಟ್ಟಿರುತ್ತಾರೆ. ಅದಕ್ಕಿಂತ ಕೆಟ್ಟದ್ದು ತಿಂಡಿಯೊಳಗೆ ಅಡಗಿಸಿಡುವ ಸಿಡಿಮದ್ದು. ನಾಯಿ ಅದನ್ನು ಕಚ್ಚಿದರೆ ಮುಗಿಯಿತು. ಪಲ್ಪಿಂಗ್ ನೀರು, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿದ ಕೊಳಕು ನೀರು ನಿಂತ ಗುಂಡಿಗಳ ಹತ್ತಿರವೂ ಬಿಡಬಾರದು. ಕುಡಿಯುವ ನೀರನ್ನು ಕ್ಯಾನಿನಲ್ಲಿ ಹೊತ್ತುಕೊಂಡೇ ಹೋದೆವು. ಇನ್ನು ಕಾಫಿ ಒಣಗಿಸುವ ಕಣ. ಒಣಗಲು ಹಾಕಿದ ಕಾಫಿ ಹಣ್ಣಿನ ಮೇಲೆ ನಾಯಿ ಕಾಲಿಟ್ಟರೆ ತೋಟದ ಲೆಕ್ಕ ನೋಡುವ ಯಾವ ರೈಟರಿಗೂ ಸಿಟ್ಟು ಬರುತ್ತದೆ, ಬರಲೇಬೇಕು. ಅದು ವರ್ಷದ ದುಡಿಮೆ ಅಲ್ವಾ? ಕಾಫಿ ಹಣ್ಣಿನ ಸಿಹಿಗೆ ಕೆಲವು ನಾಯಿಗಳು ಬಾಯಿ ಹಾಕುವುದೂ ಉಂಟು. ಕೆಫೀನ್ ನಾಯಿಗಳಿಗೆ ವಿಷ.

ಬೀದಿಯ ನಾಯಿಗಳು ಎದುರಾದರೆ ಏನು ಮಾಡುವುದು ಅಂತ ಎಲ್ಲರೂ ಕೇಳುತ್ತಾರೆ. ನಮ್ಮಲ್ಲೊಬ್ಬರು ನಾಯಿಯಿಲ್ಲದೆ ಇನ್ನೂರು ಮೀಟರ್ ಮುಂದೆ ನಡೆಯುತ್ತಿದ್ದರು. ಮನೆ ಕಂಡ ಕೂಡಲೇ, 'ಅಕ್ಕಾ, ನಾಯಿಗಳು ಬರ್ತಾ ಇವೆ, ನಿಮ್ಮದನ್ನ ಸ್ವಲ್ಪ ಹಿಡ್ಕೊಳ್ಳಿ' ಅಂತ ಹೇಳುವುದೇ ಅವರ ಕೆಲಸ. ಕೊಡಗಿನಲ್ಲಿ ಎಷ್ಟೋ ಮನೆಗಳಲ್ಲಿ ಕಾವಲು ನಾಯಿಯನ್ನು ಹಗಲು ಕಟ್ಟಿ ರಾತ್ರಿ ಬಿಡುತ್ತಾರೆ. ಹಗಲು ನಡೆದರೆ ಅರ್ಧ ತೊಂದರೆ ಅಲ್ಲೇ ಕಳೆಯುತ್ತದೆ. ರಾತ್ರಿ ನಮ್ಮ ನಾಯಿಗಳನ್ನು ಜಗಲಿಯಲ್ಲೂ ಮಲಗಿಸಲಿಲ್ಲ, ಒಳಗೇ ಇಟ್ಟುಕೊಂಡೆವು. ಚಿರತೆಗೆ ನಾಯಿ ಅಂದರೆ ಸುಲಭದ ಊಟ.

ಲಸಿಕೆ ಹಾಕುವ ಕೆಲಸ ಹೇಗೆ ನಡೆಯಿತು ಅಂತ ಸ್ವಲ್ಪ ವಿವರವಾಗಿಯೇ ಹೇಳಬೇಕು. ಹಿಂದಿನ ದಿನವೇ ರೈಟರಿಗೆ ಫೋನ್ ಮಾಡಿ, ಮೇಸ್ತ್ರಿ ಮೂಲಕ ಲೈನಿಗೆ ಸುದ್ದಿ ಮುಟ್ಟಿಸುತ್ತಿದ್ದೆವು. ಜನ ಕೊಯ್ಲಿಗೆ ಹೋಗುವ ಮೊದಲು, ಇಲ್ಲವೇ ಕಾಫಿ ತೂಕ ಮುಗಿಸಿ ಬಂದ ಮೇಲೆ ಹೋಗಬೇಕು. ನಾವು ಬರಿಗೈಯಲ್ಲಿ ಹೋಗಿ 'ಲಸಿಕೆ' ಅಂದಿದ್ದರೆ ಬಾಗಿಲು ತೆರೆಯುತ್ತಿದ್ದರೋ ಇಲ್ಲವೋ. ಕರಿಯನನ್ನು ಕಂಡು ಮೊದಲು ಮಕ್ಕಳು ಬಂದರು, ಅವರ ಹಿಂದೆ ಅಮ್ಮಂದಿರು. ನಾಪೋಕ್ಲು ಕಡೆಯ ಒಂದು ಲೈನಿನಲ್ಲಿ ಒಬ್ಬಾಕೆ ದೂರದಲ್ಲೇ ನಿಂತು, 'ಇದು ಯಾರನ್ನೂ ಕಚ್ಚಲ್ಲ ಅಕ್ಕ, ಸೂಜಿ ಯಾಕೆ?' ಅಂದರು. ಡಾಕ್ಟರು ವಾದಕ್ಕೆ ಹೋಗಲಿಲ್ಲ. ಪುಟ್ಟಿಯನ್ನು ಕೂರಿಸಿ, ಕುತ್ತಿಗೆಯ ಹಿಂದಿನ ಸಡಿಲ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ, ಸೂಜಿ ಹೋಗುವುದು ಇಲ್ಲಿ ಅಂತ ತೋರಿಸಿದರು. ಆಕೆ ಒಳಗೆ ಹೋಗಿ ಹಳೆಯ ಸೀರೆಯ ಪಟ್ಟಿ ತಂದು, ತಾನೇ ತನ್ನ ನಾಯಿಯ ಬಾಯಿಗೆ ಸುತ್ತಿ, ಕಿವಿಯ ಹಿಂದೆ ಗಂಟು ಹಾಕಿ ಹಿಡಿದುಕೊಂಡರು. ಒಂದು ಮಿಲಿ ಔಷಧಿ. ನಾಯಿ ಕುಂಯ್ ಅನ್ನಲೂ ಇಲ್ಲ. ತಲೆಯ ಮೇಲೆ ಬಣ್ಣದ ಗುರುತು ಹಾಕಿ ಬಿಟ್ಟರು. ಆಮೇಲೆ ಪಕ್ಕದ ಮನೆಗಳ ನಾಯಿಗಳನ್ನೆಲ್ಲ ಹಿಡಿದು ತಂದವರೂ ಆಕೆಯೇ.

ಮೂರು ತಿಂಗಳು ತುಂಬದ ಮರಿಗಳ ಲೆಕ್ಕ ಬೇರೆ ಬರೆದುಕೊಂಡೆವು. ಮಕ್ಕಳಿಗೆ ಒಂದು ಮಾತನ್ನು ಕನ್ನಡದಲ್ಲೂ ಹಿಂದಿಯಲ್ಲೂ ಹೇಳಿಕೊಟ್ಟೆವು: ನಾಯಿ ಕಚ್ಚಿದರೆ, ಪರಚಿದರೂ ಸರಿ, ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಬೇಕು, ಅವತ್ತೇ ಆಸ್ಪತ್ರೆಗೆ ಹೋಗಬೇಕು. ಅರಿಸಿನ, ಸುಣ್ಣ, ಕಾಫಿಪುಡಿ ಏನೂ ಮೆತ್ತಬಾರದು.

ಸಂಜೆಯ ಕೆಲಸ ತಪ್ಪಿಸುವಂತಿಲ್ಲ. ಪಾದ ತೊಳೆದು ಒರೆಸಿ, ಬೆರಳ ಸಂದಿ, ಕಿವಿಯ ಒಳಗೆ, ಬಾಲದ ಬುಡ ಎಲ್ಲ ಟಾರ್ಚ್ ಹಾಕಿ ನೋಡಬೇಕು. ಉಣ್ಣಿ ಕಚ್ಚಿಕೊಂಡಿದ್ದರೆ ಚಿಮಟದಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆಯಬೇಕು. ಸೀಮೆಎಣ್ಣೆ ಹಚ್ಚುವುದು, ಬೆಂಕಿ ತಾಗಿಸುವುದು ಬೇಡ. ಊಟ ಮಾತ್ರ ಮನೆಯವರ ಪ್ರೀತಿಗೆ ಬಿಡಬಾರದು. ಪಂದಿ ಕರಿ (ಹಂದಿ ಸಾರು) ಹಾಕಲು ಬರುತ್ತಾರೆ. ಅದರಲ್ಲಿರುವ ಈರುಳ್ಳಿ ನಾಯಿಗೆ ಆಗುವುದಿಲ್ಲ, ಬೆಂದ ಮೂಳೆ ಸೀಳಿ ಗಂಟಲಿಗೆ ಚುಚ್ಚುತ್ತದೆ. ಅನ್ನ, ಮೊಟ್ಟೆ, ಉಪ್ಪುಖಾರ ಇಲ್ಲದ ಕೋಳಿ ಸಾಕು. ಅದನ್ನೂ ನಡೆದು ಬಂದು ಒಂದು ಗಂಟೆ ಸುಧಾರಿಸಿಕೊಂಡ ಮೇಲೆ ಕೊಡಿ.

ಅಯ್ಯಂಗೇರಿ ದಾಟಿ ಭಾಗಮಂಡಲ ಮುಟ್ಟಿದ ಮೇಲೆ ತಲಕಾವೇರಿಗೆ ಹತ್ತಲಿಲ್ಲ. ಅದು ಯಾತ್ರೆಯ ಜಾಗ, ನಾಯಿಗಳ ಗುಂಪು ಕಟ್ಟಿಕೊಂಡು ಹೋಗುವುದು ಸರಿಯಲ್ಲ ಅಂತ ಮೊದಲೇ ತೀರ್ಮಾನವಾಗಿತ್ತು. ಉಳಿದ ಲಸಿಕೆಯನ್ನು ಅಲ್ಲಿನ ಸುತ್ತಮುತ್ತಲ ನಾಯಿಗಳಿಗೇ ಹಾಕಿಸಿ ಜೀಪು ಹತ್ತಿದೆವು.

ಲಸಿಕೆ ವರ್ಷಕ್ಕೊಮ್ಮೆ ಮತ್ತೆ ಬೀಳಬೇಕು. ಅದಕ್ಕೆ ಕಾರ್ಡನ್ನು ಮನೆಯವರ ಕೈಗೆ ಕೊಡುವುದರ ಜೊತೆಗೆ, ಪ್ರತಿ ಲೈನಿನ ನಾಯಿಗಳ ಬಣ್ಣ, ಗುರುತು, ತಾರೀಖು ಬರೆದ ಪುಸ್ತಕವನ್ನು ರೈಟರ ಹತ್ತಿರ ಬಿಟ್ಟಿದ್ದೇವೆ. ಜನ ಬದಲಾದರೂ ಪುಸ್ತಕ ತೋಟದಲ್ಲೇ ಇರುತ್ತದೆ. ಈಗ ಬಾಳೆಲೆ, ಕುಟ್ಟದ ಕಡೆಯವರೂ ಕರೆಯುತ್ತಿದ್ದಾರೆ. ಅಲ್ಲಿ ಆನೆಯ ಜೊತೆ ಹುಲಿಯೂ ಇದೆ, ಹಾಗಾಗಿ ನಾವು ನಡೆದು ಹೋಗುವುದಿಲ್ಲ. ಡಾಕ್ಟರು, ಐಸ್ ಬಾಕ್ಸ್, ಪುಸ್ತಕ ಜೀಪಿನಲ್ಲಿ ಹೋಗುತ್ತವೆ, ಕರಿಯ ಹಿಂದಿನ ಸೀಟಿನಲ್ಲಿ ಕೂರುತ್ತಾನೆ. ಲೈನಿನ ಮಕ್ಕಳನ್ನು ಹೊರಗೆ ಕರೆಯಲು ಅವನು ಬೇಕೇ ಬೇಕು.