ಸಿಪಾಯಿಯ ಜಾಡು ಹಿಡಿಯುವುದು ಹೇಗೆ?

ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ಸೇನೆಯಲ್ಲಿದ್ದ (ಭಾರತೀಯ ಸೇನೆಯಲ್ಲಲ್ಲ) ಸಾಮಾನ್ಯ ಸಿಪಾಯಿಯೊಬ್ಬನನ್ನು ಬರೀ ಹೆಸರು ಹಿಡಿದು ಹುಡುಕಿದರೆ ಅದೇ ಹೆಸರಿನ ನೂರಾರು ಜನ ಎದುರಾಗುತ್ತಾರೆ. ಮೊದಲು ಬೇಕಾದದ್ದು ಅವನ ಸೇವಾ ಸಂಖ್ಯೆ. ಮನೆಯಲ್ಲಿ ಪದಕ ಉಳಿದಿದ್ದರೆ ಭೂತಗನ್ನಡಿ ಹಿಡಿದು ಅದರ ಅಂಚು ನೋಡಿ: ಸಂಖ್ಯೆ, ದರ್ಜೆ, ಹೆಸರು, ರೆಜಿಮೆಂಟ್ ಸಾಮಾನ್ಯವಾಗಿ ಅಲ್ಲೇ ಇರುತ್ತವೆ. ಉಜ್ಜಿ ಹೊಳಪು ಕೊಡಬೇಡಿ, ಅಕ್ಷರ ಸವೆದುಹೋಗುತ್ತದೆ.

ಪದಕವಿಲ್ಲದಿದ್ದರೆ, ಯಾರಿಗೆ ಯಾವ ಪದಕ ಎಂದು ಸೇನೆ ಬರೆದಿಟ್ಟ ಪದಕ ಸೂಚಿ ಕಾರ್ಡುಗಳನ್ನು ತೆರೆಯಿರಿ. ಬ್ರಿಟನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಇವು ಡಬ್ಲ್ಯುಒ (WO, ಅಂದರೆ ವಾರ್ ಆಫೀಸ್, ಯುದ್ಧ ಕಚೇರಿ) 372 ಸರಣಿಯಲ್ಲಿವೆ. 1915ರ ಕೊನೆಯೊಳಗೆ ರಣರಂಗಕ್ಕೆ ಹೋದವನಾದರೆ ಕಾಲಿಟ್ಟ ದಿನಾಂಕವೂ ಕಾರ್ಡಿನಲ್ಲಿ ಇರುತ್ತದೆ. ಬೆಟಾಲಿಯನ್ (ರೆಜಿಮೆಂಟಿನೊಳಗಿನ ತುಕಡಿ) ಮಾತ್ರ ಎಷ್ಟೋ ಸಲ ಇರುವುದಿಲ್ಲ. ಅದಕ್ಕೆ ಡಬ್ಲ್ಯುಒ 329ರ ಪದಕಪಟ್ಟಿ ನೋಡಬೇಕು. ಒಬ್ಬನಿಗೆ ಎರಡು ಸಂಖ್ಯೆ ಕಂಡರೆ ಗಾಬರಿ ಬೇಡ. ರೆಜಿಮೆಂಟ್ ಬದಲಾದರೆ ಸಂಖ್ಯೆಯೂ ಬದಲಾಗುತ್ತಿತ್ತು, ಟೆರಿಟೋರಿಯಲ್ ದಳದವರಿಗಂತೂ (ಅರೆಕಾಲಿಕ ಸ್ವಯಂಸೇವಕ ಸೈನಿಕರಿಗೆ) 1917ರಲ್ಲಿ ಹೊಸ ಸಂಖ್ಯೆಗಳನ್ನೇ ಕೊಟ್ಟರು.

ಈಗ ಸೇವಾ ಕಡತ. ಬಹಳ ಜನ ಸೋತು ಕೈಬಿಡುವುದು ಇಲ್ಲೇ. 1940ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಮೇಲೆ ಬಾಂಬ್ ಬಿದ್ದಾಗ ಸಿಪಾಯಿಗಳ ಕಡತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸುಟ್ಟುಹೋದವು. ಉಳಿದವು ಡಬ್ಲ್ಯುಒ 363ರಲ್ಲಿವೆ. ಅಂಚು ಕರಕಲಾದ, ನೀರಿಗೆ ನೆನೆದ ಹಾಳೆಗಳು. ಅಲ್ಲಿ ಸಿಗದಿದ್ದರೆ ಡಬ್ಲ್ಯುಒ 364ರ ಪಿಂಚಣಿ ಕಡತಗಳನ್ನು ನೋಡಿ. ಗಾಯ, ಕಾಯಿಲೆಯಿಂದ ಬಿಡುಗಡೆಯಾದವರು ಅಲ್ಲಿ ಹೆಚ್ಚು. ಅಲ್ಲೂ ಇಲ್ಲವೆಂದರೆ ಬೆಟಾಲಿಯನ್ನಿನ ಯುದ್ಧ ದಿನಚರಿ, ಡಬ್ಲ್ಯುಒ 95. ಸಿಪಾಯಿಯ ಹೆಸರು ಅದರಲ್ಲಿ ಬರುವುದು ಅಪರೂಪ, ಆದರೆ ಅವನ ತುಕಡಿ ಯಾವ ದಿನ ಯಾವ ಕಂದಕದಲ್ಲಿತ್ತು ಎಂಬುದು ತಿಳಿಯುತ್ತದೆ. ಸತ್ತವನಾದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿ ತಪ್ಪದೆ ನೋಡಿ. ಕೆಲವೊಮ್ಮೆ ತಂದೆತಾಯಿಯ ಹೆಸರು, ಊರು ಕೂಡ ಅದರಲ್ಲಿರುತ್ತವೆ.

ಸೈನ್ಯದ ಕಾಗದಗಳಲ್ಲಿರುವವನೂ ಊರಿನ ಕಾಗದಗಳಲ್ಲಿರುವವನೂ ಒಬ್ಬನೇ ಎಂದು ಖಚಿತಪಡಿಸಿಕೊಳ್ಳುವುದೇ ನಿಜವಾದ ಕೆಲಸ. 1918ರ ಗೈರುಹಾಜರಿ ಮತದಾರರ ಪಟ್ಟಿ (ಸೇವೆಗೆಂದು ಊರು ಬಿಟ್ಟಿದ್ದ ಮತದಾರರದು) ಇಲ್ಲಿ ಬಲು ಉಪಯೋಗಿ: ಮನೆ ವಿಳಾಸದ ಪಕ್ಕದಲ್ಲೇ ಸಂಖ್ಯೆ, ರೆಜಿಮೆಂಟ್ ಇರುತ್ತವೆ. ಎಲ್ಲ ಊರುಗಳ ಪಟ್ಟಿ ಉಳಿದಿಲ್ಲ. ಸಿಕ್ಕರೆ ಆ ವಿಳಾಸ ಹಿಡಿದು ಬ್ರಿಟನ್ನಿನ 1911ರ ಜನಗಣತಿಗೆ ಹೋಗಿ. ಸಾಮಾನ್ಯವಾಗಿ ಮನೆಯ ಯಜಮಾನ ತನ್ನ ಕೈಯಾರೆ ತುಂಬಿದ ಹಾಳೆ ಅದು. ಮದುವೆಯಾಗಿ ಎಷ್ಟು ವರ್ಷ, ಹುಟ್ಟಿದ ಮಕ್ಕಳೆಷ್ಟು, ಉಳಿದವರೆಷ್ಟು, ತೀರಿಕೊಂಡವರೆಷ್ಟು ಎಂಬ ಕಲಂಗಳಿವೆ. ಒಂದು ಮನೆಯ ನೋವು ಆ ಅಂಕಿಗಳಲ್ಲೇ ಕಾಣುತ್ತದೆ. ಅವಸರದಲ್ಲಿ ದಾಟಿ ಹೋಗಬೇಡಿ. 1921ರ ಗಣತಿಯೂ ಲಭ್ಯ. ಇಂಗ್ಲೆಂಡ್, ವೇಲ್ಸ್‌ಗಳ 1931ರದು ಬೆಂಕಿಗೆ ಹೋಯಿತು, 1941ರದು ನಡೆಯಲೇ ಇಲ್ಲ. ಆ ತೂತು ಮುಚ್ಚಲು 1939ರ ರಿಜಿಸ್ಟರ್ (ಯುದ್ಧ ಶುರುವಾದಾಗ ಮಾಡಿದ ಜನರ ಪಟ್ಟಿ) ಇದೆ, ಅದರಲ್ಲಿ ಹುಟ್ಟಿದ ದಿನಾಂಕವೂ ಸಿಗುತ್ತದೆ.

ಸೇರುವಾಗ ಹೇಳಿದ ವಯಸ್ಸನ್ನು ನಂಬಬೇಡಿ. ಕನಿಷ್ಠ ವಯಸ್ಸು 18, ಸಾಗರದಾಚೆ ಹೋಗಲು 19. ಹುಡುಗರು ಕೂಡಿಸಿ ಹೇಳುತ್ತಿದ್ದರು. ಜನನ ನೋಂದಣಿಗಳ ತ್ರೈಮಾಸಿಕ ಸೂಚಿಯನ್ನು ಎರಡು ಮೂರು ವರ್ಷ ಆಚೀಚೆ ಹುಡುಕಿ. ನೋಂದಣಿಗೆ 42 ದಿನ ಅವಕಾಶವಿದ್ದುದರಿಂದ ಜೂನಿನಲ್ಲಿ ಹುಟ್ಟಿದ ಮಗು ಮುಂದಿನ ತ್ರೈಮಾಸಿಕದ ಪಟ್ಟಿಯಲ್ಲಿರಬಹುದು. ಕೊನೆಗೂ ಇಬ್ಬರು ಉಳಿದರೆ ಇಬ್ಬರ ಜನನ ಪ್ರಮಾಣಪತ್ರವನ್ನೂ ತರಿಸಿ, ತಂದೆಯ ಹೆಸರು, ಕಸುಬು, ವಿಳಾಸಗಳನ್ನು ಹೋಲಿಸಿ. ಎರಡಾದರೂ ತಾಳೆಯಾಗುವವರೆಗೆ ಯಾರನ್ನೂ ವಂಶವೃಕ್ಷಕ್ಕೆ ಸೇರಿಸಬೇಡಿ.