ವಾಷಿಂಗ್ ಮಷೀನ್ ವಾಸನೆ ಹೊಡೀದೆ, ಬೇಗ ಕೆಡದೆ ಇರ್ಬೇಕಾ? ಹೀಗೆ ಮಾಡಿ

ಒಗೆದ ಬಟ್ಟೆ ಮಷೀನಿಂದ ತೆಗೀವಾಗ ಮುಗ್ಗಲು ವಾಸನೆ ಬಂದ್ರೆ ತುಂಬಾ ಜನ ಪೌಡರ್ ಇನ್ನೊಂದು ಚಮಚ ಜಾಸ್ತಿ ಹಾಕ್ತಾರೆ, ಅದೂ ಸಾಲ್ದು ಅಂತ ಘಮಘಮ ಅನ್ನೋ ಸಾಫ್ಟ್‌ನರ್ ಬೇರೆ ಸುರೀತಾರೆ. ಆದ್ರೆ ವಾಸನೆಗೆ ಒಂದು ಮುಖ್ಯ ಕಾರಣನೇ ಈ ಜಾಸ್ತಿಯಾದ ಸೋಪು. ತೊಳೆದು ಹೋಗದೇ ಉಳಿದಿದ್ದು ಡ್ರಮ್ಮಿನ ಹಿಂದಿರೋ, ನಮ್ ಕಣ್ಣಿಗೇ ಕಾಣದ ಹೊರ ಟಬ್ಬಿಗೆ ಅಂಟ್ಕೊಳುತ್ತೆ, ಅದರ ಮೇಲೆ ಬಟ್ಟೆಯ ಜಿಡ್ಡು, ನೂಲಿನ ಚೂರು ಕೂರುತ್ತೆ, ತೇವ ಅಂತೂ ಇದ್ದೇ ಇರುತ್ತೆ, ಬ್ಯಾಕ್ಟೀರಿಯಾ ಬೆಳೆಯೋಕೆ ಇನ್ನೇನು ಬೇಕು ಹೇಳಿ. ಹಾಗಾಗಿ ಮಷೀನ್ ಆರಿಸೋದ್ರಿಂದ ಹಿಡಿದು ಕ್ಲೀನ್ ಮಾಡೋ ತನಕ ಒಂದೊಂದಾಗಿ ನೋಡೋಣ.

ತಗೊಳ್ಳೋ ಮುಂಚೆ

ಫ್ರಂಟ್ ಲೋಡ್ ಕಡಿಮೆ ನೀರಲ್ಲಿ ಒಗೆಯುತ್ತೆ, ಬಟ್ಟೆನ ಎತ್ತಿ ಎತ್ತಿ ಬೀಳಿಸಿ ಒಗೆಯೋದ್ರಿಂದ ಸವೆತ ಕಮ್ಮಿ, ಸಾಮಾನ್ಯವಾಗಿ ಹೀಟರ್ ಕೂಡ ಒಳಗೇ ಇರುತ್ತೆ, ಆದ್ರೆ ಟೈಮ್ ಜಾಸ್ತಿ ತಗೊಳುತ್ತೆ, ಬಗ್ಗಿ ಬಟ್ಟೆ ಹಾಕ್ಬೇಕು. ಟಾಪ್ ಲೋಡ್ ಬೇಗ ಮುಗಿಸುತ್ತೆ, ನೀರು ಜಾಸ್ತಿ ಕುಡಿಯುತ್ತೆ, ಸೊಂಟ ಮಂಡಿ ನೋವಿರೋರಿಗೆ ಇದೇ ವಾಸಿ. ಸೆಮಿ ಆಟೋಮ್ಯಾಟಿಕಲ್ಲಿ ಬಟ್ಟೆನ ನೀವೇ ಒಂದು ಟಬ್ಬಿಂದ ಇನ್ನೊಂದಕ್ಕೆ ಎತ್ತಿ ಹಾಕ್ಬೇಕು, ಆದ್ರೆ ನಲ್ಲಿಲಿ ನೀರು ಸರಿಯಾಗಿ ಬರದ ಮನೇಲಿ ಬಕೆಟ್ಟಲ್ಲಿ ನೀರು ತುಂಬಿಸಿ ಕೂಡ ಒಗೀಬಹುದು, ಅದನ್ನ ಹಳೇ ಕಾಲದ್ದು ಅಂತ ತಳ್ಳಿ ಹಾಕಬೇಡಿ.

8 ಕೆಜಿ ಮಷೀನ್ ಅಂದ್ರೆ 8 ಕೆಜಿ ಒಣ ಕಾಟನ್ ಬಟ್ಟೆ ಅಂತ ಲೆಕ್ಕ, ಅದೂ ಕಾಟನ್ ಪ್ರೋಗ್ರಾಮಲ್ಲಿ ಮಾತ್ರ. ಸಿಂಥೆಟಿಕ್, ಉಲನ್ ಪ್ರೋಗ್ರಾಮುಗಳಿಗೆ ಮಿತಿ ತುಂಬಾ ಕಮ್ಮಿ, ಮ್ಯಾನ್ಯುಯಲ್ಲಲ್ಲಿ ಒಂದು ಟೇಬಲ್ ಇರುತ್ತೆ, ದಯವಿಟ್ಟು ಆ ಒಂದು ಪೇಜನ್ನಾದ್ರೂ ಓದಿ. ಸ್ಪಿನ್, ಅಂದ್ರೆ ಕೊನೇಲಿ ನೀರು ಹಿಂಡೋಕೆ ಡ್ರಮ್ ತಿರುಗೋ ವೇಗ, 1000ದಿಂದ 1200 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು) ಇದ್ರೆ ಮನೆಗೆ ಸಾಕು ಅನ್ನೋದು ನನ್ನ ಅಭಿಪ್ರಾಯ. ಡ್ರೈಯರ್ ಬಳಸೋರಾದ್ರೆ ಮಾತ್ರ ಜಾಸ್ತಿ ಸ್ಪಿನ್ ಲಾಭ, ಯಾಕಂದ್ರೆ ನೀರನ್ನ ತಿರುಗಿಸಿ ತೆಗೆಯೋದಕ್ಕೆ ಆಗೋ ಕರೆಂಟು ಕಾಯಿಸಿ ಒಣಗಿಸೋದಕ್ಕಿಂತ ಎಷ್ಟೋ ಕಮ್ಮಿ. ಡ್ರೈಯರಲ್ಲಿ ಹೀಟ್ ಪಂಪ್ (ಬಿಸಿನ ಹೊರಗೆ ಬಿಡದೆ ಮತ್ತೆ ಮತ್ತೆ ಬಳಸೋ ವ್ಯವಸ್ಥೆ) ಇರೋದು ಕೊಳ್ಳೋವಾಗ ದುಬಾರಿ, ಆದ್ರೆ ಮಾಮೂಲಿ ಕಾಯಿಲ್ ಡ್ರೈಯರಿಗಿಂತ ಕರೆಂಟ್ ತುಂಬಾ ಉಳಿಸುತ್ತೆ.

ಕೂರಿಸೋ ದಿನ

ಫ್ರಂಟ್ ಲೋಡಿನ ಹಿಂದೆ, ಸಾಗಿಸೋವಾಗ ಡ್ರಮ್ ಅಲ್ಲಾಡದ ಹಾಗೆ ಟ್ರಾನ್ಸಿಟ್ ಬೋಲ್ಟ್ ಹಾಕಿರ್ತಾರೆ. ಅದನ್ನ ಬಿಚ್ಚದೆ ಆನ್ ಮಾಡಿದ್ರೆ ಮಷೀನ್ ಕುಣಿದು ಕುಣಿದು ಜಾಗ ಬಿಟ್ಟು ಬರುತ್ತೆ, ಒಳಗೂ ಪೆಟ್ಟಾಗುತ್ತೆ. ಬಿಚ್ಚಿದ ಬೋಲ್ಟ್ ಎಸೀಬೇಡಿ, ಮನೆ ಬದಲಾಯಿಸೋವಾಗ ಮತ್ತೆ ಹಾಕ್ಬೇಕು. ಕಾಲುಗಳನ್ನ ತಿರುಗಿಸಿ ಲೆವೆಲ್ ಮಾಡಿಸಿ, ಆಮೇಲೆ ಮೂಲೆಗಳನ್ನ ಒಂದೊಂದಾಗಿ ಒತ್ತಿ ನೋಡಿ, ಅಲ್ಲಾಡಬಾರದು. ಹೀಟರ್ ಇರೋ ಮಷೀನಿಗೆ ಅರ್ತಿಂಗ್ ಇರೋ ಪವರ್ ಸಾಕೆಟ್ಟೇ ಬೇಕು, ಎಕ್ಸ್‌ಟೆನ್ಷನ್ ಬೋರ್ಡ್ ಬೇಡವೇ ಬೇಡ, ಬಿಸಿಯಾಗಿ ಕರಗಬಹುದು. ಡ್ರೈನ್ ಪೈಪನ್ನ ಕಂಪನಿ ಹೇಳಿದ ಎತ್ತರಕ್ಕಿಂತ ಕೆಳಗೆ ಬಿಟ್ರೆ ನೀರು ತುಂಬ್ತಾ ಇದ್ದ ಹಾಗೇ ಹರಿದು ಹೋಗ್ತಾ ಇರುತ್ತೆ, ಮಷೀನ್ ತುಂಬೋದೇ ಇಲ್ಲ.

ಒಗೆಯೋವಾಗ

ಜೇಬು ನೋಡಿ, ಜಿಪ್ ಎಳೀರಿ, ಹುಕ್ ಇರೋದನ್ನ ನೆಟ್ ಬ್ಯಾಗಿಗೆ ಹಾಕಿ. ಕಾಟನ್ ಬಟ್ಟೆ ಹಾಕಿದ ಮೇಲೆ ಡ್ರಮ್ಮಿನ ಮೇಲ್ಭಾಗದಲ್ಲಿ ನಿಮ್ಮ ಅಂಗೈ ನಿಲ್ಲಿಸಿದ್ರೆ ಹಿಡಿಸೋವಷ್ಟು ಜಾಗ ಉಳೀಬೇಕು. ತುರುಕಿದ್ರೆ ಬಟ್ಟೆಗೆ ಎದ್ದು ಬೀಳೋಕೆ ಜಾಗ ಇರಲ್ಲ, ಕೊಳೆ ಹೋಗಲ್ಲ. ಹಾಗಂತ ಒಂದೇ ಒಂದು ದಪ್ಪ ಬೆಡ್‌ಶೀಟ್ ಹಾಕೋದೂ ಸರಿಯಲ್ಲ, ಅದು ಉಂಡೆಯಾಗಿ ಒಂದು ಕಡೆ ಕೂತು ಸ್ಪಿನ್ ಟೈಮಲ್ಲಿ ಮಷೀನ್ ಒದ್ದಾಡುತ್ತೆ.

ಈಗ ಪೌಡರ್ ವಿಷಯ, ಇದನ್ನ ಗಮನ ಇಟ್ಟು ಓದಿ. ಫ್ರಂಟ್ ಲೋಡಿಗೆ ನೊರೆ ಕಮ್ಮಿ ಬರೋ, ಅದಕ್ಕಂತಲೇ ಮಾಡಿರೋ ಪೌಡರ್ ಅಥವಾ ಲಿಕ್ವಿಡ್ಡೇ ಹಾಕ್ಬೇಕು. ನೊರೆ ಜಾಸ್ತಿ ಆದ್ರೆ ಕ್ಲೀನ್ ಜಾಸ್ತಿ ಅನ್ನೋದು ತಪ್ಪು ಕಲ್ಪನೆ, ನೊರೆ ಮಧ್ಯೆ ಮೆತ್ತಗೆ ನಿಂತ್ಕೊಂಡು ಬಟ್ಟೆ ಬಟ್ಟೆ ಉಜ್ಜಿಕೊಳ್ಳದ ಹಾಗೆ ಮಾಡುತ್ತೆ, ಪಂಪಿಗೂ ನೊರೆ ತಳ್ಳೋಕೆ ಆಗಲ್ಲ. ನೀವು ಹಾಕ್ತಿರೋದು ಜಾಸ್ತಿನಾ ಅಂತ ತಿಳ್ಕೊಳ್ಳೋಕೆ ಸುಲಭ ದಾರಿ ಇದೆ: ಒಗೆದು ಒಣಗಿಸಿಟ್ಟ ನಾಲ್ಕು ಟವಲ್ ಹಾಕಿ, ಪೌಡರ್ ಏನೂ ಹಾಕದೆ ಬರೀ ನೀರಲ್ಲಿ ರನ್ ಮಾಡಿ ಗಾಜಿನ ಬಾಗಿಲ ಹತ್ರ ನಿಂತು ನೋಡಿ. ಹತ್ತು ನಿಮಿಷದಲ್ಲಿ ಗಾಜಿಗೆ ದಟ್ಟವಾಗಿ ನೊರೆ ಹತ್ತಿದ್ರೆ ಅದು ಅಷ್ಟೂ ಹಳೇ ಸೋಪು, ಮುಂದಿನ ಸಲದಿಂದ ಅಳತೆ ಇಳಿಸ್ತಾ ಬನ್ನಿ. ಟವಲ್ ಗಟ್ಟಿಯಾಗಿ ನೀರು ಹೀರ್ತಿಲ್ಲ ಅಂದ್ರೂ ಇದೇ ಕಾರಣ ಇರಬಹುದು, ಸಾಫ್ಟ್‌ನರ್ ಹಾಕಿದ್ರೆ ಹೀರೋದು ಇನ್ನೂ ಕಮ್ಮಿ ಆಗುತ್ತೆ, ಅದು ನೂಲಿನ ಮೇಲೆ ಜಿಡ್ಡಿನ ಪದರ ಹಚ್ಚುತ್ತೆ. ಗಡಸು ನೀರಿರೋ ಕಡೆ ಮಾತ್ರ ಪೌಡರ್ ಸ್ವಲ್ಪ ಜಾಸ್ತಿ ಬೇಕಾಗುತ್ತೆ, ಯಾಕಂದ್ರೆ ನೀರಲ್ಲಿರೋ ಕ್ಯಾಲ್ಸಿಯಂ, ಮೆಗ್ನೀಷಿಯಂ ಅದರ ಒಂದು ಭಾಗನ ತಿಂದು ಹಾಕುತ್ತೆ.

ದಿನಾ ಹಾಕೋ ಬಟ್ಟೆಗೆ 30 ಅಥವಾ 40 ಡಿಗ್ರಿ ಸಾಕು, ಕಾಯಿಲೆ ಇರೋರ ಬಟ್ಟೆ, ಟವಲ್, ಹಾಸಿಗೆ ಬಟ್ಟೆ ಲೇಬಲ್ ಒಪ್ಪಿದ್ರೆ 60ಕ್ಕೆ ಹಾಕಿ, ಧೂಳಿನ ಹುಳಗಳು ಆ ಬಿಸಿಗೆ ಸಾಯ್ತವೆ. ಉಲನ್, ರೇಷ್ಮೆಗೆ ಮಾಮೂಲಿ ಎನ್‌ಜೈಮ್ ಪೌಡರ್ ಬೇಡ. ಪ್ರೋಟೀನ್ ಕಲೆ ಕರಗಿಸೋ ಎನ್‌ಜೈಮಿಗೆ ಆ ನೂಲೂ ಪ್ರೋಟೀನೇ.

ಕ್ಲೀನಿಂಗ್

ಪ್ರತಿ ಸಲ ಒಗೆದ ಮೇಲೆ ಬಾಗಿಲು, ಪೌಡರ್ ಡಬ್ಬಿ ಎರಡನ್ನೂ ಸ್ವಲ್ಪ ತೆಗೆದಿಡಿ (ಮಕ್ಕಳಿರೋ ಮನೇಲಿ ಒಳಗೆ ಹೋಗದ ಹಾಗೆ ನೋಡ್ಕೊಳ್ಳಿ). ಬಾಗಿಲ ರಬ್ಬರ್ ಮಡಿಕೆನ ಬೆರಳಲ್ಲಿ ಬಿಡಿಸಿ ನೋಡಿ, ಕೆಳಗಡೆ ನಿಂತ ನೀರು, ಕೂದಲು, ಕಪ್ಪು ಚುಕ್ಕೆ ಇರುತ್ತೆ, ಒಣ ಬಟ್ಟೇಲಿ ಒರೆಸಿ.

ತಿಂಗಳಿಗೊಂದು ಸಲ ಡ್ರೈನ್ ಫಿಲ್ಟರ್. ಫ್ರಂಟ್ ಲೋಡಲ್ಲಿ ಮುಂದೆ ಕೆಳಗೆ ಮೂಲೇಲಿ ಸಣ್ಣ ಮುಚ್ಚಳ ಇರುತ್ತೆ. ಪ್ಲಗ್ ತೆಗೀರಿ, ಬಿಸಿ ನೀರಲ್ಲಿ ಒಗೆದಿದ್ರೆ ಆರೋ ತನಕ ಕಾಯಿರಿ, ಚಪ್ಪಟೆ ತಟ್ಟೆ ಮತ್ತು ಹಳೇ ಟವಲ್ ಇಡಿ, ಪಕ್ಕದಲ್ಲಿ ಸಣ್ಣ ಪೈಪ್ ಇದ್ರೆ ಅದರಿಂದ ಮೊದಲು ನೀರು ಬಿಡಿ, ಆಮೇಲೆ ಫಿಲ್ಟರನ್ನ ನಿಧಾನಕ್ಕೆ ಎಡಕ್ಕೆ ತಿರುಗಿಸಿ. ನಾಣ್ಯ, ಗುಂಡಿ, ಹೇರ್‌ಪಿನ್, ಬೂದು ಬಣ್ಣದ ಲೋಳೆ ಎಲ್ಲಾ ಬರುತ್ತೆ. ಒಳಗೆ ಟಾರ್ಚ್ ಬಿಟ್ರೆ ಪಂಪಿನ ಸಣ್ಣ ರೆಕ್ಕೆ ಕಾಣುತ್ತೆ, ಅದಕ್ಕೆ ಸುತ್ತಿಕೊಂಡ ದಾರ ಇದ್ರೆ ತೆಗೀರಿ. ನೀರು ಹೊರಗೆ ಹೋಗ್ತಿಲ್ಲ ಅನ್ನೋ ಕಂಪ್ಲೇಂಟ್ ಎಷ್ಟೋ ಸಲ ಇಲ್ಲೇ ಮುಗಿಯುತ್ತೆ. ನೀರು ನಿಧಾನಕ್ಕೆ ತುಂಬ್ತಿದೆ ಅಂದ್ರೆ ನಲ್ಲಿ ನಿಲ್ಲಿಸಿ ಹಿಂದಿನ ಇನ್‌ಲೆಟ್ ಪೈಪ್ ಬಿಚ್ಚಿ, ಅಲ್ಲಿರೋ ಪುಟ್ಟ ಜಾಲರಿನ ಹಳೇ ಟೂತ್‌ಬ್ರಷ್ಷಲ್ಲಿ ಉಜ್ಜಿ. ಡ್ರೈಯರಿನ ನೂಲಿನ ಜಾಲರಿ ಮಾತ್ರ ಪ್ರತಿ ಲೋಡಿಗೂ ಕ್ಲೀನ್ ಆಗ್ಲೇಬೇಕು, ಆ ನೂಲಿಗೆ ಬೆಂಕಿ ಹತ್ತೋ ಅಪಾಯ ನಿಜವಾಗ್ಲೂ ಇದೆ.

ಟಬ್ ಕ್ಲೀನ್ ಪ್ರೋಗ್ರಾಮ್ ಇದ್ರೆ ಅದನ್ನ, ಇಲ್ಲಾಂದ್ರೆ ಖಾಲಿ ಮಷೀನನ್ನ ಅದರಲ್ಲಿರೋ ಜಾಸ್ತಿ ಬಿಸಿಯಲ್ಲಿ ತಿಂಗಳಿಗೊಮ್ಮೆ ಓಡಿಸಿ. ಹೀಟರಿಗೆ ಬಿಳಿ ಸುಣ್ಣ ಕಟ್ಟೋ ನೀರಾದ್ರೆ ಡೀಸ್ಕೇಲಿಂಗ್ ಪೌಡರ್ ಹಾಕಿ, ಸಿಟ್ರಿಕ್ ಆಸಿಡ್ ಕೂಡ ಸುಣ್ಣ ಕರಗಿಸುತ್ತೆ. ಆದ್ರೆ ಇದರ ಜೊತೆ ಬ್ಲೀಚ್ ಯಾವತ್ತೂ ಸೇರಿಸಬೇಡಿ, ಎರಡೂ ಸೇರಿದ್ರೆ ಕ್ಲೋರಿನ್ ಅನಿಲ ಬರುತ್ತೆ, ಉಸಿರಿಗೇ ಅಪಾಯ.

ಸ್ಪಿನ್ ಟೈಮಲ್ಲಿ ವಿಮಾನ ಮೇಲೇಳೋ ಥರ ಸದ್ದು ಶುರುವಾದ್ರೆ ಪ್ಲಗ್ ತೆಗೆದು ಖಾಲಿ ಡ್ರಮ್ಮನ್ನ ಕೈಯಲ್ಲಿ ತಿರುಗಿಸಿ ಕೇಳಿ. ಗರಗರ ಅಂದ್ರೆ, ಅಂಚು ಹಿಡಿದು ಎತ್ತಿದಾಗ ಹೊರ ಟಬ್ ಅಲ್ಲಾಡದೆ ಒಳಗಿನ ಡ್ರಮ್ ಮಾತ್ರ ಲೊಡಲೊಡ ಅಂದ್ರೆ ಬೇರಿಂಗ್ (ಡ್ರಮ್ ಸಲೀಸಾಗಿ ತಿರುಗೋಕೆ ಇರೋ ಭಾಗ) ಹೋಗಿರೋ ಸಾಧ್ಯತೆ ಜಾಸ್ತಿ, ಮೆಕ್ಯಾನಿಕ್ಕನ್ನ ಕರೀರಿ. ಕೆಲವು ಮಾಡೆಲ್ಲಲ್ಲಿ ಟಬ್ ಬಿಚ್ಚೋಕೇ ಬರಲ್ಲ, ಬೇರಿಂಗಿಗೋಸ್ಕರ ಇಡೀ ಟಬ್ ಬದಲಾಯಿಸ್ಬೇಕಾಗುತ್ತೆ, ಹಾಗಾಗಿ ಕೆಲಸ ಶುರು ಮಾಡಿಸೋ ಮುಂಚೆ ಇದೊಂದನ್ನ ಬಾಯಿಬಿಟ್ಟು ಕೇಳಿ.