ರಾಮ್‌ಸರ್ ಪಟ್ಟಿಗೆ ಜೌಗು ಪ್ರದೇಶ: ಕಡತ ಸಿದ್ಧಪಡಿಸುವ ಬಗೆ

ರಾಮ್‌ಸರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸಂಘ-ಸಂಸ್ಥೆಗಳು ನೇರವಾಗಿ ಅರ್ಜಿ ಹಾಕುವಂತಿಲ್ಲ. 1971ರ ಫೆಬ್ರುವರಿ 2ರಂದು ಇರಾನಿನ ರಾಮ್‌ಸರ್‌ನಲ್ಲಿ ಆದ ಒಪ್ಪಂದವನ್ನು ಒಪ್ಪಿಕೊಂಡ ದೇಶದ ಸರ್ಕಾರವೇ ಸ್ವಿಟ್ಜರ್ಲೆಂಡಿನ ಗ್ಲಾಂಡ್‌ನಲ್ಲಿರುವ ಸಚಿವಾಲಯಕ್ಕೆ ಮಾಹಿತಿ ಪತ್ರ ಕಳಿಸಬೇಕು. ಹಾಗಾಗಿ ಸಮೀಕ್ಷೆ ಶುರು ಮಾಡುವ ಮೊದಲೇ ನಿಮ್ಮ ದೇಶದಲ್ಲಿ ಈ ಒಪ್ಪಂದದ ಹೊಣೆ ಹೊತ್ತ ಆಡಳಿತ ಪ್ರಾಧಿಕಾರವನ್ನು ಸಂಪರ್ಕಿಸಿ, ಈಗ ಚಾಲ್ತಿಯಲ್ಲಿರುವ ನಮೂನೆಯನ್ನೇ ಕೇಳಿ ಪಡೆಯಿರಿ.

ಜಾಗ ಜೌಗು ಪ್ರದೇಶವೇ ಎಂಬ ಅನುಮಾನ ಬೇಡ. ಸಹಜವೋ ಕಟ್ಟಿಸಿದ್ದೋ, ವರ್ಷವಿಡೀ ನೀರಿರುವುದೋ ಮಳೆಗಾಲದಲ್ಲಿ ಮಾತ್ರ ತುಂಬುವುದೋ, ಸಿಹಿಯೋ ಉಪ್ಪೋ, ಎಲ್ಲಕ್ಕೂ ಅವಕಾಶವಿದೆ. ಸಮುದ್ರದಲ್ಲಾದರೆ ಇಳಿತದ ವೇಳೆ ಆಳ 6 ಮೀಟರ್ ಮೀರಬಾರದು.

ಮಾನದಂಡಗಳು 9. ಒಂದು ಹೊಂದಿದರೂ ಸಾಕು. ಐದಾರಕ್ಕೆ ಗುರುತು ಹಾಕಿ ಯಾವುದಕ್ಕೂ ಗಟ್ಟಿ ದಾಖಲೆ ಕೊಡದ ಕಡತಕ್ಕಿಂತ, ಎರಡಕ್ಕೆ ಪೂರ್ತಿ ಪುರಾವೆ ಕೊಟ್ಟ ಕಡತ ಎಷ್ಟೋ ಮೇಲು.

ಹೆಚ್ಚು ಎಡವುವುದು ಹಕ್ಕಿಗಳ ಲೆಕ್ಕದಲ್ಲಿ. ಐದನೆಯ ಮಾನದಂಡ ಕೇಳುವುದು ನಿಯಮಿತವಾಗಿ 20,000 ಅಥವಾ ಹೆಚ್ಚು ನೀರುಹಕ್ಕಿಗಳನ್ನು. ಆರನೆಯದು ಒಂದು ಪ್ರಭೇದದ ಅಥವಾ ಉಪಪ್ರಭೇದದ ಒಂದು ಸಮುದಾಯದ (ಅಂದರೆ ಆ ಹಕ್ಕಿಯ ಒಂದು ಪ್ರತ್ಯೇಕ ಗುಂಪಿನ ಒಟ್ಟು ಸಂಖ್ಯೆಯ) ಶೇ 1ರಷ್ಟನ್ನು. ಇಲ್ಲಿ ‘ನಿಯಮಿತ’ ಎಂದರೆ ಕನಿಷ್ಠ ಮೂರು ಋತುಗಳ ಸಮರ್ಪಕ ಲೆಕ್ಕವಿದ್ದು, ಅದರಲ್ಲಿ ಮೂರನೇ ಎರಡು ಪಾಲು ಋತುಗಳಲ್ಲಾದರೂ ಆ ಸಂಖ್ಯೆ ಮುಟ್ಟಿರಬೇಕು; ಇಲ್ಲವೇ ಕನಿಷ್ಠ ಐದು ವರ್ಷಗಳ ಗರಿಷ್ಠ ಸಂಖ್ಯೆಗಳ ಸರಾಸರಿ ಮುಟ್ಟಿರಬೇಕು. ಸಮುದಾಯ 25,000 ಇದ್ದರೆ ಮಿತಿ 250. ನಾಲ್ಕು ಚಳಿಗಾಲಗಳಲ್ಲಿ 310, 280, 120, 260 ಬಂದಿದ್ದರೆ ತೇರ್ಗಡೆ. ಒಂದೇ ವರ್ಷ 900 ಕಂಡ ಮಾತ್ರಕ್ಕೆ ಆಗದು.

ದೊಡ್ಡ ಜಲರಾಶಿಯನ್ನು ಭಾಗ ಮಾಡಿಕೊಂಡು ಎಲ್ಲ ಭಾಗಗಳನ್ನೂ ಒಂದೇ ಬೆಳಿಗ್ಗೆ, ಒಂದೇ ಹೊತ್ತಿಗೆ ಎಣಿಸಿ. ಬೇರೆ ಬೇರೆ ದಿನದ ಎಣಿಕೆ ಕೂಡಿಸಿದರೆ ಅದೇ ಹಿಂಡು ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಅಂದಿನ ನೀರಿನ ಮಟ್ಟವನ್ನೂ ಬರೆದುಕೊಳ್ಳಿ. ಮುಂದೊಂದು ವರ್ಷ ಹಕ್ಕಿ ಕಡಿಮೆಯಾದರೆ ಕಾರಣ ಹುಡುಕಲು ಬೇಕಾಗುವುದು ಅದೇ.

ಗಡಿಯನ್ನು ಬೇಸಿಗೆಯಲ್ಲಿ ಉಳಿದ ನೀರಿನ ಅಂಚಿಗೆ ಎಳೆಯಬೇಡಿ. ತುಂಬಿದಾಗ ಮುಳುಗುವ ಬಯಲು, ನೀರು ಬರುವ ಕಾಲುವೆಯ ಬಾಯಿ, ಹಕ್ಕಿಗಳು ರಾತ್ರಿ ತಂಗುವ ತೋಪು ಒಳಗಿರಲಿ. ಜಲಾನಯನವನ್ನು ಬೇರೆ ನಕ್ಷೆಯಲ್ಲಿ ತೋರಿಸಿ. ನಕ್ಷೆಯಲ್ಲಿ ಅಳೆದ ವಿಸ್ತೀರ್ಣಕ್ಕೂ ಪತ್ರದಲ್ಲಿ ಬರೆದದ್ದಕ್ಕೂ ತಾಳೆಯಾಗಲೇಬೇಕು. ಪಟ್ಟಿಗೆ ಸೇರಿದ ಮೇಲೆ ಗಡಿ ಕುಗ್ಗಿಸಲು ಒಪ್ಪಂದದಲ್ಲಿರುವ ಕಾರಣ ಒಂದೇ: ತುರ್ತು ರಾಷ್ಟ್ರೀಯ ಹಿತಾಸಕ್ತಿ.

ಎಲ್ಲಕ್ಕಿಂತ ಹೆಚ್ಚು ಶ್ರಮ ಬೇಡುವುದು ಪರಿಸರ ಲಕ್ಷಣದ, ಅಂದರೆ ಆ ಜಾಗದ ನೀರು, ಜೀವಿಗಳು, ಬಳಕೆ ಹೇಗಿವೆ ಎಂಬುದರ, ವಿವರಣೆ. ತಿಂಗಳು ತಿಂಗಳಿನ ಆಳ, ಲವಣಾಂಶ, ಜೊಂಡು ಹಬ್ಬಿದ ವಿಸ್ತೀರ್ಣ, ಮೀನಿನ ಇಳುವರಿ, ಮೇಯುವ ದನಗಳ ಸಂಖ್ಯೆ ಎಲ್ಲವನ್ನೂ ಅಂಕಿಗಳಲ್ಲೇ ಕೊಡಿ. ‘ನೀರು ಚೆನ್ನಾಗಿದೆ’ ಎಂದು ಬರೆದರೆ ಹತ್ತು ವರ್ಷದ ನಂತರ ಅದು ಕೆಟ್ಟಿದೆಯೆಂದು ತೋರಿಸಲು ಆಧಾರವೇ ಇರುವುದಿಲ್ಲ. ಮೀನುಗಾರಿಕೆ, ಮೇವು, ಬೇಸಾಯ ಮುಚ್ಚಿಡಬೇಡಿ. ಪರಿಸರ ಲಕ್ಷಣ ಉಳಿಯುವಂಥ ಬಳಕೆಯನ್ನು ಒಪ್ಪಂದ ಮಾನ್ಯ ಮಾಡುತ್ತದೆ. ಅದನ್ನೇ ವಿವೇಚನಾಯುತ ಬಳಕೆ ಎನ್ನುವುದು. ಮೀನುಗಾರರನ್ನು ಕೇಳದೆ ಬರೆದ ನಿರ್ವಹಣಾ ಯೋಜನೆ ಕಾಗದದಲ್ಲೇ ಉಳಿಯುತ್ತದೆ.

ಮಾಹಿತಿ ಪತ್ರವನ್ನು 6 ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕು. ನಡುವೆ ಮಾಲಿನ್ಯ, ಒತ್ತುವರಿ, ನೀರಿನ ತಿರುವು ಕಂಡರೆ ಹಳೆಯ ಅಂಕಿ, ಹೊಸ ಅಂಕಿ ಎರಡನ್ನೂ ಜೋಡಿಸಿ ಪ್ರಾಧಿಕಾರಕ್ಕೆ ಬರೆಯಿರಿ. ವಿಧಿ 3.2ರಂತೆ ಸರ್ಕಾರ ಅದನ್ನು ತಡಮಾಡದೆ ಸಚಿವಾಲಯಕ್ಕೆ ತಿಳಿಸಬೇಕು.